ಶಿಫ್ಟ್ ಚೇಂಜ್ ಆದಾಗಷ್ಟೇ ಒದ್ದಾಡ್ತಿದ್ದ ಸ್ಕ್ಯಾನರ್ ಗನ್: ಐಆರ್‌ಕ್ಯೂ 18ರ ಪ್ರಕರಣ

ಪೀಣ್ಯದ ಒಂದು ಫ್ಯಾಕ್ಟರಿಲಿ ಮೋಟರ್ ಟೆಸ್ಟ್ ಮಾಡೋ ಲೈನ್ ಇದೆ, ಹೆಸರು ಬೇಡ. ಆರು ಬೆಂಚು, ಒಂದೊಂದು ಬೆಂಚಿಗೂ ಒಂದೊಂದು ಇಂಡಸ್ಟ್ರಿಯಲ್ ಪಿಸಿ, ಅದರೊಳಗೆ ಮೋಟರ್‌ನ ಕರೆಂಟು ಮತ್ತೆ ವೈಬ್ರೇಶನ್ ಓದೋಕೆ ನಮ್ಮ ಟೀಮ್ ಮಾಡಿರೋ ಪಿಸಿಐ ಕಾರ್ಡು, ಡೆಬಿಯನ್ ಲಿನಕ್ಸ್, 4.19 ಕರ್ನಲ್ (ಲಿನಕ್ಸ್‌ನ ತಿರುಳು), ಕಾರ್ಡಿಗೆ ನಮ್ಮದೇ ಡ್ರೈವರ್, ಅಂದ್ರೆ ಕಾರ್ಡನ್ನ ನಡೆಸೋ ಪ್ರೋಗ್ರಾಂ. ಪಕ್ಕದಲ್ಲಿ ಯುಎಸ್‌ಬಿ ಬಾರ್‌ಕೋಡ್ ಸ್ಕ್ಯಾನರ್, ಲೈನಲ್ಲಿ ಎಲ್ರೂ ಅದನ್ನ ಗನ್ ಅಂತಾನೇ ಕರೀತಾರೆ. ಮೋಟರ್ ಬಂತು, ಗನ್ ಹಿಡಿದು ಸೀರಿಯಲ್ ನಂಬರ್ ಸ್ಕ್ಯಾನ್ ಮಾಡಿದ್ರು, ಟೆಸ್ಟ್ ಓಡಿತು, ಲೇಬಲ್ ಬಂತು, ಮುಂದಿನ ಮೋಟರ್. ಇಷ್ಟೇ ಕೆಲಸ, ಆದ್ರೆ ದಿನಕ್ಕೆ ಮೂರು ಶಿಫ್ಟ್ ನಿಲ್ಲದೇ ನಡೀಬೇಕು.

ಕಂಪ್ಲೇಂಟ್ ಬಂದಿದ್ದು ಗನ್ ಮೇಲೆ. "ಸಾರ್, ಗನ್ನು ತುಂಬಾ ಸ್ಲೋ ಆಗ್ಬಿಟ್ಟಿದೆ, ನಂಬರ್ ಒಂದೊಂದೇ ಬೀಳ್ತಿದೆ, ಪಿಸಿ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ" ಅಂತ. ದಿನಾ ಆಗಲ್ಲ, ಆರೂ ಬೆಂಚು ಸೇರಿ ವಾರಕ್ಕೆ ಎರಡೋ ಮೂರೋ ಸಲ, ಇವತ್ತು ಎರಡನೇ ಬೆಂಚು ಅಂದ್ರೆ ಇನ್ನೆರಡು ದಿನ ಬಿಟ್ಟು ಐದನೇದು. ಅವ್ರು ಗನ್ ಬದಲಾಯಿಸಿದ್ರು, ಕೇಬಲ್ ಬದಲಾಯಿಸಿದ್ರು, ಹಬ್ ತೆಗೆದು ನೇರವಾಗಿ ಪಿಸಿಗೇ ಚುಚ್ಚಿದ್ರು, ಒಂದು ಬೆಂಚಿನ ಪಿಸೀನೇ ಪೂರ್ತಿ ಬದಲಾಯಿಸಿದ್ರು. ಏನೂ ಪ್ರಯೋಜನ ಇಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಎರಡು ತಿಂಗಳು ಅಲ್ಲಿ ನಡೆದಿದ್ದು ಅದೇ, ಯಾಕಂದ್ರೆ ಗನ್‌ಗೆ ಏನೂ ಆಗಿರ್ಲಿಲ್ಲ, ಯುಎಸ್‌ಬಿಗೂ ಏನೂ ಆಗಿರ್ಲಿಲ್ಲ, ತಪ್ಪು ಪೂರ್ತಿ ನಮ್ಮ ಡ್ರೈವರ್‌ದು. ನಮ್ಮ ಕಾರ್ಡಿನ ಗ್ರಾಫ್ ಮಾತ್ರ ಆ ಹೊತ್ತಲ್ಲೂ ಚೆನ್ನಾಗೇ ಓಡ್ತಿತ್ತು, ಅದಕ್ಕೇ ಯಾರಿಗೂ ನಮ್ಮ ಕಡೆ ಅನುಮಾನ ಬರ್ಲಿಲ್ಲ, ನಮಗೂ ಬರ್ಲಿಲ್ಲ. ಡ್ರೈವರ್ ಬರೆಯೋರು ಇದನ್ನ ಪೂರ್ತಿ ಓದಲಿ ಅಂತಾನೇ ಇಷ್ಟು ಉದ್ದಕ್ಕೆ ಬರೀತಿದೀನಿ, ಯಾಕಂದ್ರೆ ಇಂಟರಪ್ಟ್ (ನನ್ನ ಕಡೆ ನೋಡು ಅಂತ ಡಿವೈಸ್ ಸಿಪಿಯುಗೆ ಕೊಡೋ ಸಿಗ್ನಲ್) ವಿಷಯದಲ್ಲಿ ತಪ್ಪು ಮಾಡೋದು ಒಬ್ರು, ಪೆಟ್ಟು ತಿನ್ನೋದು ಇನ್ನೊಬ್ರು.

ಮೊದಲು ಅಲ್ಲಿಗೆ ಹೋಗಿ ಕಣ್ಣಾರೆ ನೋಡ್ಬೇಕು ಅಂತ ಒಂದಿನ ಮಧ್ಯಾಹ್ನ ಹೋದೆ. ನಾನಿದ್ದಾಗಲೇ ನಾಲ್ಕನೇ ಬೆಂಚಲ್ಲಿ ಆಯ್ತು, ಎರಡು ಗಂಟೆ ದಾಟಿ ಐದು ನಿಮಿಷ ಆಗಿತ್ತು. ಗನ್ ಒತ್ತಿದ್ರೆ ಬೀಪ್ ತಕ್ಷಣ ಬರುತ್ತೆ, ಸ್ಕ್ರೀನ್ ಮೇಲೆ ಮಾತ್ರ ಕೆಟ್ಟ ನಲ್ಲೀಲಿ ನೀರು ತೊಟ್ಟಿಕ್ಕೋ ಹಾಗೆ 4... 0... 7... ಅಂತ ಒಂದೊಂದೇ ಅಂಕೆ. ಫೋನ್‌ನಲ್ಲಿ ಸ್ಟಾಪ್‌ವಾಚ್ ಇಟ್ಟೆ, 12 ಅಂಕೆ ಬೀಳೋಕೆ ಎರಡೂವರೆ ಸೆಕೆಂಡ್ ಹತ್ರ, ಹತ್ತು ಸಲ ಮಾಡಿದ್ರೂ ಹೆಚ್ಚುಕಮ್ಮಿ ಅಷ್ಟೇ. ಕೇಬಲ್ ಲೂಸ್ ಆಗಿದ್ರೆ ಒಂದ್ಸಲ ಒಂದು ಥರ ಇರುತ್ತೆ, ಇದು ತಾಳ ಹಾಕಿದ ಹಾಗೆ ಬರ್ತಿತ್ತು. ಆ ಎರಡೂವರೆ ಸೆಕೆಂಡಿಗೆ ಅರ್ಥ ಇದೆ ಅಂತ ಆಮೇಲೆ ಗೊತ್ತಾಯ್ತು. ಅಲ್ಲಿದ್ದ ಆಪರೇಟರ್ ಅಕ್ಕ ಹೇಳಿದ ಒಂದು ಮಾತು ಮಾತ್ರ ಆಗಲೇ ತಲೇಲಿ ಕೂತ್ಕೊಳ್ತು: "ನಮ್ ಶಿಫ್ಟ್ ಮಧ್ಯ ಯಾವತ್ತೂ ಆಗಲ್ಲ ಸಾರ್, ಬಂದ್ ತಕ್ಷಣಾನೇ ಆಗಿರುತ್ತೆ." ಆರಕ್ಕೆ, ಎರಡಕ್ಕೆ, ರಾತ್ರಿ ಹತ್ತಕ್ಕೆ ಶಿಫ್ಟ್ ಬದಲಾಗುತ್ತೆ, ಆವಾಗ ನಮ್ಮ ಟೆಸ್ಟ್ ಅಪ್ಲಿಕೇಶನ್ ಹೊಸ ಲಾಗ್ ಫೈಲ್ ಶುರು ಮಾಡೋಕೆ ಅಂತ ಒಂದ್ಸಲ ಕ್ಲೋಸ್ ಆಗಿ ಮತ್ತೆ ಓಪನ್ ಆಗುತ್ತೆ. ಎರಡು ತಿಂಗಳಲ್ಲಿ ಈ ಮಾತನ್ನ ಅವರ ಹತ್ರ ಯಾರೂ ಕೇಳಿರ್ಲಿಲ್ಲ.

ಕರ್ನಲ್ ಲಾಗ್ ತೆಗೆದ್ರೆ ಅಲ್ಲಿತ್ತು (ಐಆರ್‌ಕ್ಯೂ ಅಂದ್ರೆ ಇಂಟರಪ್ಟ್ ಲೈನ್, 18 ಅದರ ನಂಬರ್): "ಐಆರ್‌ಕ್ಯೂ 18: ನೋಬಡಿ ಕೇರ್ಡ್", ಜೊತೆಗೆ ಐಆರ್‌ಕ್ಯೂಪೋಲ್ ಅನ್ನೋ ಬೂಟ್ ಆಪ್ಶನ್ ಹಾಕಿ ನೋಡಿ ಅಂತ ಸಲಹೆ, ಕೊನೆಗೆ "ಡಿಸೇಬ್ಲಿಂಗ್ ಐಆರ್‌ಕ್ಯೂ 18". ಈ ಮೆಸೇಜ್ ಹೊಸದೇನಲ್ಲ, ಲೈನ್ ಸೂಪರ್‌ವೈಸರ್ ಒಂದು ತಿಂಗಳ ಹಿಂದೆನೇ ಸ್ಕ್ರೀನ್ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ರು, ಆ ಫೋಟೋದಲ್ಲಿ ಮೊದಲನೇ ಸಾಲು ಮತ್ತೆ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡೋ ಡ್ರೈವರ್ ಫಂಕ್ಷನ್) ಪಟ್ಟಿಯ ಮೊದಲನೇ ಹೆಸರು ಮಾತ್ರ ಓದೋ ಹಾಗಿತ್ತು, ಆ ಹೆಸರು ಯುಎಸ್‌ಬಿ ಹೋಸ್ಟ್ ಕಂಟ್ರೋಲರ್‌ದು (ಯುಎಸ್‌ಬಿ ಪೋರ್ಟ್‌ಗಳನ್ನ ನೋಡ್ಕೊಳೋ ಚಿಪ್), ಆದ್ದರಿಂದ ನಮ್ಮ ಆಫೀಸಲ್ಲಿ ಎಲ್ರೂ ಯುಎಸ್‌ಬಿ ಅಂತ ತೀರ್ಮಾನ ಮಾಡಿ ಕೂತಿದ್ವಿ.

ಈ ಮೆಸೇಜ್ ಯಾಕೆ ಬರುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೇ ಪಿಸಿಐನಲ್ಲಿ ಇಂಟರಪ್ಟ್‌ಗೆ ಇರೋದು ನಾಲ್ಕೇ ತಂತಿ, ಎ ಇಂದ ಡಿ ವರೆಗೆ, ಬೋರ್ಡ್ ಮೇಲಿರೋ ಎಲ್ಲಾ ಡಿವೈಸ್‌ಗಳೂ ಅದನ್ನೇ ಹಂಚ್ಕೋಬೇಕು. ನಮ್ಮೂರ ವಠಾರಗಳನ್ನ ನೆನಪು ಮಾಡ್ಕೊಳಿ, ಐದಾರು ಮನೆ, ಗೇಟಿಗೆ ಒಂದೇ ಕಾಲಿಂಗ್ ಬೆಲ್. ಬೆಲ್ ಆದ್ರೆ ಯಾರ ಮನೆಗೆ ಬಂದಿದಾರೆ ಅಂತ ಬೆಲ್‌ಗೆ ಗೊತ್ತಿಲ್ಲ, ಪ್ರತಿ ಮನೆಯವ್ರೂ ಇಣುಕಿ ನೋಡಿ "ನಮ್ಮವ್ರು" ಅಥವಾ "ನಮ್ಮವ್ರಲ್ಲ" ಅಂತ ಹೇಳ್ಬೇಕು. ಲಿನಕ್ಸ್‌ನಲ್ಲಿ ಹ್ಯಾಂಡ್ಲರ್ ಮಾಡೋದು ಇದನ್ನೇ, ನಮ್ಮದಾದ್ರೆ ಐಆರ್‌ಕ್ಯೂ ಹ್ಯಾಂಡಲ್ಡ್, ಅಲ್ಲದಿದ್ರೆ ಐಆರ್‌ಕ್ಯೂ ನನ್ ಅಂತ ವಾಪಸ್ ಕೊಡುತ್ತೆ. ಇನ್ನೊಂದು ವಿಷಯ, ಪಿಸಿಐ ಲೈನ್ ಲೆವೆಲ್ ಟ್ರಿಗರ್ಡ್. ಅಂದ್ರೆ ಬಂದೋರು ಒಂದ್ಸಲ ಒತ್ತಿ ಕೈ ತೆಗೆಯೋರಲ್ಲ, ಅವರ ಮನೆಯವ್ರು ಬಾಗಿಲು ತೆಗೆಯೋವರೆಗೂ ಬಟನ್ ಮೇಲೆ ಬೆರಳು ಇಟ್ಕೊಂಡೇ ಇರ್ತಾರೆ. ಹಾಗಾಗಿ ಯಾರೂ "ನಮ್ಮವ್ರು" ಅನ್ನದೇ ಹೋದ್ರೆ ಹ್ಯಾಂಡ್ಲರ್ ಮುಗಿದ ತಕ್ಷಣ ಮತ್ತೆ ಇಂಟರಪ್ಟ್, ಮತ್ತೆ ಎಲ್ರೂ ಇಣುಕೋದು, ಮತ್ತೆ ನಮ್ಮವ್ರಲ್ಲ, ಹೀಗೇ ಸಿಪಿಯು ಬೇರೆ ಏನೂ ಮಾಡೋಕಾಗದೇ ಅಲ್ಲೇ ಸುತ್ತುತ್ತೆ. ಇದನ್ನ ತಡೆಯೋಕೆ ಕರ್ನಲ್ ಒಂದು ಲೆಕ್ಕ ಇಟ್ಕೊಂಡಿರುತ್ತೆ: ಒಂದೊಂದು ಲೈನಲ್ಲೂ 1,00,000 ಇಂಟರಪ್ಟ್ ಆದಾಗ ನೋಡುತ್ತೆ, ಅದ್ರಲ್ಲಿ 99,900ಕ್ಕಿಂತ ಜಾಸ್ತಿ ಯಾರೂ ಒಪ್ಕೊಂಡಿಲ್ಲ ಅಂದ್ರೆ ಬೆಲ್ ವೈರನ್ನೇ ಕಿತ್ತು ಹಾಕುತ್ತೆ. ವೈರ್ ಕಿತ್ರೆ ತಪ್ಪು ಮಾಡಿದ ಮನೆಗಷ್ಟೇ ಅಲ್ಲ, ವಠಾರದ ಎಲ್ಲಾ ಮನೆಗೂ ಬೆಲ್ ಇಲ್ಲ. ಗನ್ ಇದ್ದ ಯುಎಸ್‌ಬಿ ಕಂಟ್ರೋಲರ್ ನಮ್ಮ ಕಾರ್ಡಿನ ಜೊತೆ 18ನೇ ಲೈನ್ ಹಂಚ್ಕೊಂಡಿತ್ತು, ಕರ್ನಲ್ ಒಂದೊಂದು ಲೈನಿನ ಇಂಟರಪ್ಟ್ ಲೆಕ್ಕ ತೋರಿಸೋ ಪ್ರಾಕ್ ಇಂಟರಪ್ಟ್ಸ್ ಫೈಲ್‌ನಲ್ಲಿ ಎರಡರ ಹೆಸರೂ ಒಂದೇ ಸಾಲಲ್ಲಿ ಅಕ್ಕಪಕ್ಕ ಇತ್ತು.

ಹಾಗಾದ್ರೆ ಗನ್ ಪೂರ್ತಿ ಸಾಯಬೇಕಿತ್ತಲ್ಲ, ಸ್ಲೋ ಯಾಕಾಯ್ತು? ವೈರ್ ಕಿತ್ತ ಮೇಲೆ ಕರ್ನಲ್ ಕೈಬಿಡಲ್ಲ, ಒಂದು ಟೈಮರ್ ಇಟ್ಟು ಸೆಕೆಂಡಿಗೆ ಹತ್ತು ಸಲ ಆ ಲೈನ್‌ನ ಹ್ಯಾಂಡ್ಲರ್‌ಗಳನ್ನ ತಾನೇ ಕರೆದು ಕೇಳುತ್ತೆ. ಗನ್ ಪಿಸಿಗೆ ಕಾಣೋದು ಕೀಬೋರ್ಡ್ ಥರ, ಒಂದೊಂದು ಅಂಕೆಗೂ ಕೀ ಒತ್ತಿದ್ದು ಒಂದು ರಿಪೋರ್ಟ್, ಬಿಟ್ಟಿದ್ದು ಇನ್ನೊಂದು. 12 ಅಂಕೆ ಅಂದ್ರೆ 24 ರಿಪೋರ್ಟ್, ಒಂದೊಂದಕ್ಕೂ 100 ಮಿಲಿಸೆಕೆಂಡ್, ಒಟ್ಟು 2.4 ಸೆಕೆಂಡ್. ನನ್ನ ಸ್ಟಾಪ್‌ವಾಚ್ ಲೆಕ್ಕ ಅಲ್ಲಿಗೆ ಸರಿಯಾಗಿ ಕೂತ್ಕೊಳ್ತು. ನಮ್ಮ ಕಾರ್ಡಿಗೂ ಅದೇ ಗತಿ ಆಗಿತ್ತು, ಆದ್ರೆ ಕಾರ್ಡಿನ ಮೇಲೇ ಒಂದು ಸೆಕೆಂಡಿನಷ್ಟು ಡೇಟಾ ಹಿಡಿಯೋ ಮೆಮೊರಿ ಇದೆ, ಹ್ಯಾಂಡ್ಲರ್ ಬಂದಾಗ ಇರೋದೆಲ್ಲಾ ಗೋರಿಕೊಂಡು ಹೋಗುತ್ತೆ, ಹಾಗಾಗಿ ಗ್ರಾಫ್‌ನಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ.

ಮೊದಲು ನಾವು ಮಾಡಿದ ತಪ್ಪು ಪ್ರಯತ್ನಗಳನ್ನೂ ಹೇಳ್ಬೇಕು. ಲಾಗೇ ಹೇಳಿದೆಯಲ್ಲ ಅಂತ ಐಆರ್‌ಕ್ಯೂಪೋಲ್ ಹಾಕಿದ್ವಿ. ಅದು ರೋಗಕ್ಕೆ ಔಷಧಿ ಅಲ್ಲ, ಯಾರದ್ದು ಅಂತ ಗೊತ್ತಾಗದ ಇಂಟರಪ್ಟ್ ಬಂದಾಗ ಸಿಕ್ಕ ಸಿಕ್ಕ ಹ್ಯಾಂಡ್ಲರ್‌ಗಳನ್ನೆಲ್ಲಾ ಕರೆದು ನೋಡೋ ಆಪ್ಶನ್ ಅಷ್ಟೇ, ನಮ್ಮ ಹ್ಯಾಂಡ್ಲರ್ ತನ್ನದನ್ನೇ ತನ್ನದಲ್ಲ ಅನ್ನುವಾಗ ಎಷ್ಟು ಸಲ ಕರೆದ್ರೂ ಅದೇ ಉತ್ತರ ತಾನೇ. ಆಮೇಲೆ ಒಂದು ಬೆಂಚಲ್ಲಿ ಕಾರ್ಡನ್ನ ಎರಡನೇ ಸ್ಲಾಟಿಗೆ ಹಾಕಿದ್ವಿ. ಅಲ್ಲಿ ಅದಕ್ಕೆ 16ನೇ ಲೈನ್ ಸಿಕ್ತು, ಗನ್ ಸರಿಹೋಯ್ತು ಅಂತ ಖುಷಿಪಟ್ವಿ, ಮುಂದಿನ ವಾರ ಅದೇ ಬೆಂಚಲ್ಲಿ ಲೇಬಲ್ ಪ್ರಿಂಟರ್ ಕುಂಟೋಕೆ ಶುರುವಾಯ್ತು, ಪ್ರಿಂಟರ್ ಇದ್ದ ಇನ್ನೊಂದು ಯುಎಸ್‌ಬಿ ಕಂಟ್ರೋಲರ್ 16ರಲ್ಲಿತ್ತು. ಕಾರ್ಡ್ ಯಾವ ವಠಾರಕ್ಕೆ ಹೋದ್ರೆ ಅಲ್ಲಿಯವ್ರಿಗೆ ಕಷ್ಟ. ಇದರ ನಂತರ ನಮ್ಮ ಡ್ರೈವರ್ ಕೋಡ್ ತೆಗೀದೇ ಬೇರೆ ದಾರಿ ಇರ್ಲಿಲ್ಲ.

ಆದ್ರೆ ಕೋಡ್ ತೆಗೆಯೋಕೆ ಮುಂಚೆ ಲಾಗನ್ನ ಪೂರ್ತಿ ಓದಿದೆ, ಫೋಟೋ ಅಲ್ಲ, ಫೈಲ್. ಹ್ಯಾಂಡ್ಲರ್ ಪಟ್ಟೀಲಿ ಎರಡನೇ ಹೆಸರು ನಮ್ಮದು. ಅದರ ಮೇಲೆ ಒಂದು ಸಾಲಲ್ಲಿ ಆ ಕ್ಷಣಕ್ಕೆ ಯಾವ ಸಿಪಿಯು, ಅದರ ಮೇಲೆ ಯಾವ ಪ್ರೋಸೆಸ್ ಓಡ್ತಿತ್ತು ಅಂತ ಇರುತ್ತೆ. ಸಿಪಿಯು 0, ಪ್ರೋಸೆಸ್ ನಮ್ಮ ಟೆಸ್ಟ್ ಅಪ್ಲಿಕೇಶನ್. ನಾಲ್ಕು ಬೇರೆ ಬೇರೆ ದಿನದ, ಬೇರೆ ಬೇರೆ ಬೆಂಚಿನ ಲಾಗ್ ಪಕ್ಕ ಪಕ್ಕ ಇಟ್ಟೆ, ನಾಲ್ಕರಲ್ಲೂ ಸಿಪಿಯು 0, ನಾಲ್ಕರಲ್ಲೂ ನಮ್ಮದೇ ಅಪ್ಲಿಕೇಶನ್. ಕೆಳಗೆ ಕಾಲ್ ಟ್ರೇಸ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಪಟ್ಟಿ) ಇಂಟರಪ್ಟ್ ಭಾಗ ದಾಟಿ ಇನ್ನೂ ಕೆಳಗೆ ಹೋದ್ರೆ, ಇಂಟರಪ್ಟ್ ಬಂದಾಗ ಆ ಪ್ರೋಸೆಸ್ ಏನು ಮಾಡ್ತಿತ್ತು ಅಂತ ಕಾಣುತ್ತೆ: ವಿಫ್ರೀ, ಅದನ್ನ ಕರೆದಿದ್ದು ನಮ್ಮ ಡ್ರೈವರ್‌ನ ರಿಲೀಸ್ ಫಂಕ್ಷನ್. ಅಂದ್ರೆ ಫೈಲ್ ಕ್ಲೋಸ್ ಆಗ್ತಿದೆ, ನಾವು ಬಫರ್ ಫ್ರೀ ಮಾಡ್ತಿದೀವಿ, ಆ ಮಧ್ಯದಲ್ಲೇ ಲಕ್ಷ ಸಲ ಬೆಲ್ ಹೊಡೆದಿದೆ. ಎರಡು ತಿಂಗಳು ಹುಡುಕಿದ್ದು ಮೊದಲನೇ ದಿನದ ಲಾಗ್‌ನಲ್ಲೇ, ಫೋಟೋದಲ್ಲಿ ಓದೋಕಾಗದೇ ಹೋಗಿದ್ದ ಭಾಗದಲ್ಲಿತ್ತು.

ಈಗ ಕೋಡ್. ನಮ್ಮ ಹ್ಯಾಂಡ್ಲರ್‌ನ ಮೊದಲನೇ ಸಾಲು: ಓಪನ್ ಅನ್ನೋ ಫ್ಲ್ಯಾಗ್ ಸೊನ್ನೆ ಆಗಿದ್ರೆ ಐಆರ್‌ಕ್ಯೂ ನನ್ ಅಂತ ವಾಪಸ್ ಹೋಗು. ರಿಲೀಸ್ ಫಂಕ್ಷನ್‌ನಲ್ಲಿ ಮೊದಲು ಆ ಫ್ಲ್ಯಾಗ್ ಸೊನ್ನೆ ಮಾಡು, ಆಮೇಲೆ 4 ಎಂಬಿ ಬಫರ್ ಫ್ರೀ ಮಾಡು, ಕೊನೆಗೆ ಕಾರ್ಡಿನ ಇಂಟರಪ್ಟ್ ಎನೇಬಲ್ ರಿಜಿಸ್ಟರ್‌ಗೆ (ಕಾರ್ಡ್ ಇಂಟರಪ್ಟ್ ಕೊಡಬಹುದಾ ಅನ್ನೋ ಸ್ವಿಚ್ಚು) ಸೊನ್ನೆ ಬರೆ. ಇದು ಸುಮ್ಮನೆ ಬಂದಿದ್ದಲ್ಲ, ಎರಡು ವರ್ಷದ ಹಿಂದೆ ಬಫರ್ ಫ್ರೀ ಆದ್ಮೇಲೆ ಹ್ಯಾಂಡ್ಲರ್ ಬಂದು ಅದರಲ್ಲೇ ಡೇಟಾ ಬರೆದು ಕರ್ನಲ್ ಪ್ಯಾನಿಕ್ ಆಗಿ ಇಡೀ ಸಿಸ್ಟಮ್ ನಿಂತುಹೋಗಿತ್ತು, ಅದನ್ನ ತಡೆಯೋಕೆ ಅಂತ ಸೇರಿಸಿದ ಫ್ಲ್ಯಾಗ್ ಅದು. ರಿವ್ಯೂನಲ್ಲಿ ನಾನೇ ಸರಿ ಅಂತ ಒಪ್ಪಿಗೆ ಕೊಟ್ಟಿದ್ದೆ. ಪ್ಯಾನಿಕ್ ನಿಂತಿತ್ತು, ಹಾಗಾಗಿ ಫಿಕ್ಸ್ ಸರಿ ಇದೆ ಅಂತ ಎಲ್ರೂ ನಂಬಿದ್ವಿ.

ಏನಾಗುತ್ತೆ ನೋಡಿ. ಕಾರ್ಡ್ ಇನ್ನೂ ಸ್ಯಾಂಪಲ್ ಮಾಡ್ತಾನೇ ಇದೆ, ಸೆಕೆಂಡಿಗೆ 200 ಇಂಟರಪ್ಟ್, ಅಂದ್ರೆ 5 ಮಿಲಿಸೆಕೆಂಡಿಗೊಂದು. ಫ್ಲ್ಯಾಗ್ ಸೊನ್ನೆ ಆಯ್ತು, ಬಫರ್ ಫ್ರೀ ಆಗ್ತಿದೆ, ಅಷ್ಟರಲ್ಲಿ ಕಾರ್ಡ್ ಬೆಲ್ ಒತ್ತಿತು. ಹ್ಯಾಂಡ್ಲರ್ ಬಂದು ಫ್ಲ್ಯಾಗ್ ನೋಡಿ ನನ್ನದಲ್ಲ ಅಂತು, ಕಾರ್ಡನ್ನ ಮುಟ್ಟಲೇ ಇಲ್ಲ. ಯುಎಸ್‌ಬಿ ಹ್ಯಾಂಡ್ಲರ್ ತನ್ನ ಕಂಟ್ರೋಲರ್ ನೋಡಿ ನನ್ನದಲ್ಲ ಅಂತು, ಅದು ನಿಜಾನೇ ಹೇಳ್ತು. ಲೈನ್ ಇನ್ನೂ ಒತ್ತಿಕೊಂಡೇ ಇದೆ, ಮತ್ತೆ ಇಂಟರಪ್ಟ್. ಇಲ್ಲಿ ಮುಖ್ಯವಾದ ವಿಷಯ ಎಂದ್ರೆ 18ನೇ ಲೈನ್‌ನ ಇಂಟರಪ್ಟ್‌ಗಳೆಲ್ಲಾ ಸಿಪಿಯು 0ಗೇ ಬರ್ತಿದ್ವು, ಇಂಟರಪ್ಟ್‌ಗಳನ್ನ ಸಿಪಿಯುಗಳಿಗೆ ಹಂಚೋ ಐಆರ್‌ಕ್ಯೂಬ್ಯಾಲೆನ್ಸ್ ಪ್ರೋಗ್ರಾಂ ನಾವು ಹಾಕಿರ್ಲಿಲ್ಲ. ಕ್ಲೋಸ್ ಮಾಡ್ತಿರೋ ಪ್ರೋಸೆಸ್ ಸಿಪಿಯು 1ರ ಮೇಲಿದ್ರೆ ಅದು ತನ್ನ ಪಾಡಿಗೆ ಬಫರ್ ಫ್ರೀ ಮಾಡಿ ರಿಜಿಸ್ಟರ್‌ಗೆ ಸೊನ್ನೆ ಬರೆದುಬಿಡುತ್ತೆ, ಅಷ್ಟರಲ್ಲಿ ಆಗೋ ಸುಳ್ಳು ಇಂಟರಪ್ಟ್ ಲಕ್ಷದ ಹತ್ರಾನೂ ಹೋಗಲ್ಲ. ಅದೇ ಪ್ರೋಸೆಸ್ ಸಿಪಿಯು 0ರ ಮೇಲಿದ್ರೆ, ಬೆಲ್ ನಿಲ್ಲಿಸಬೇಕಾದ ಕೋಡೇ ಬೆಲ್‌ನ ಕೆಳಗೆ ಸಿಕ್ಕಿಹಾಕ್ಕೊಂಡಿದೆ. ಒಂದು ಇಂಟರಪ್ಟ್‌ಗೂ ಇನ್ನೊಂದಕ್ಕೂ ಮಧ್ಯ ಒಂದೆರಡು ಇನ್‌ಸ್ಟ್ರಕ್ಷನ್ ಮುಂದೆ ಹೋದ್ರೆ ಹೆಚ್ಚು, 4 ಎಂಬಿ ಅಂದ್ರೆ 1,024 ಪೇಜ್, ಅದನ್ನ ಫ್ರೀ ಮಾಡಿ ಮುಗಿಸೋದು ಯಾವಾಗ? ಲಕ್ಷ ತುಂಬುತ್ತೆ, ಕರ್ನಲ್ ವೈರ್ ಕೀಳುತ್ತೆ, ಆಮೇಲೆ ನಮ್ಮ ರಿಲೀಸ್ ಫಂಕ್ಷನ್ ಉಸಿರು ಬಿಟ್ಟು ಮುಂದೆ ಹೋಗಿ ಕಾರ್ಡಿನ ಇಂಟರಪ್ಟನ್ನ ಶಿಸ್ತಾಗಿ ಆಫ್ ಮಾಡುತ್ತೆ. ನಾವು ಹೋಗಿ ನೋಡೋ ಹೊತ್ತಿಗೆ ಕಾರ್ಡ್ ಕೈ ತೊಳ್ಕೊಂಡು ಕೂತಿರುತ್ತೆ. ಪಿಸಿಐ ಕಾರ್ಡ್‌ಗಳ ಸ್ಥಿತಿ ತೋರಿಸೋ ಎಲ್‌ಎಸ್‌ಪಿಸಿಐ ಕಮಾಂಡ್‌ನಲ್ಲಿ ಕಾರ್ಡಿನ ಇಂಟರಪ್ಟ್ ಸ್ಟೇಟಸ್ ಬಿಟ್ ನೋಡಿದ್ರೂ ಏನೂ ಬಾಕಿ ಇಲ್ಲ ಅಂತಾನೇ ಬರ್ತಿತ್ತು, ಅದೂ ನಮ್ಮನ್ನ ದಾರಿ ತಪ್ಪಿಸಿತು.

ಯಾಕೆ ವಾರಕ್ಕೆ ಎರಡ್ಮೂರು ಸಲ ಅನ್ನೋದಕ್ಕೂ ಲೆಕ್ಕ ಸಿಗ್ತು. ಫ್ಲ್ಯಾಗ್ ಸೊನ್ನೆ ಆಗೋದಕ್ಕೂ ರಿಜಿಸ್ಟರ್ ಬರೆಯೋದಕ್ಕೂ ಮಧ್ಯ ಸುಮಾರು 200 ಮೈಕ್ರೋಸೆಕೆಂಡ್ ಹಿಡಿಯುತ್ತೆ ಅಂತ ಅಳೆದ್ವಿ, 5 ಮಿಲಿಸೆಕೆಂಡಿಗೊಂದು ಇಂಟರಪ್ಟ್ ಅಂದ್ರೆ ನೂರಕ್ಕೆ ನಾಲ್ಕು ಸಲ ಆ ಸಂದೀಲಿ ಬೀಳುತ್ತೆ, ಎರಡು ಸಿಪಿಯು ಇರೋದ್ರಿಂದ ಅರ್ಧ, ನೂರಕ್ಕೆ ಎರಡು. ಆರು ಬೆಂಚು, ದಿನಕ್ಕೆ ಮೂರು ಕ್ಲೋಸ್, ವಾರಕ್ಕೆ ನೂರರ ಮೇಲೆ.

ಊಹೆ ಸರಿ ಇದೆ ಅಂತ ತೋರಿಸೋಕೆ ಲ್ಯಾಬಲ್ಲಿ ಅಪ್ಲಿಕೇಶನ್‌ನ ಟಾಸ್ಕ್‌ಸೆಟ್ ಹಾಕಿ ಸಿಪಿಯು 0ಗೆ ಕಟ್ಟಿ ಸೆಕೆಂಡಿಗೊಂದ್ಸಲ ಓಪನ್ ಕ್ಲೋಸ್ ಮಾಡೋ ಲೂಪ್ ಓಡಿಸಿದ್ವಿ. ಒಂದು ನಿಮಿಷ ಆಗೋದ್ರೊಳಗೆ ನೋಬಡಿ ಕೇರ್ಡ್. ನಮ್ಮ ಡ್ರೈವರ್ ಮಾಡ್ಯೂಲ್ ತೆಗೆದು ಮತ್ತೆ ಹಾಕಿದ್ರೆ ಗನ್ ಸರಿಹೋಗುತ್ತೆ, ಯಾಕಂದ್ರೆ ಕಿತ್ತ ಲೈನಿಗೆ ಹೊಸದಾಗಿ ಯಾರಾದ್ರೂ ಸೇರ್ಕೊಂಡ್ರೆ ಕರ್ನಲ್ ಇನ್ನೊಂದು ಅವಕಾಶ ಕೊಟ್ಟು ವೈರ್ ಜೋಡಿಸುತ್ತೆ. ಮತ್ತೆ ಲೂಪ್, ಮತ್ತೆ ಅದೇ. ಸಿಪಿಯು 1ಕ್ಕೆ ಕಟ್ಟಿ ರಾತ್ರಿಯಿಡೀ ಬಿಟ್ವಿ, ಒಂದ್ಸಲಾನೂ ಬರ್ಲಿಲ್ಲ.

ಸರಿ ಮಾಡೋದು ಹೇಗೆ ಅಂತ ಚರ್ಚೆ ಆದಾಗ ಬಂದ ಮೊದಲ ಎರಡು ಸಲಹೆ ಎರಡೂ ಅಪಾಯದ್ದೇ, ಆದ್ರೆ ಎರಡನ್ನೂ ಎಷ್ಟೋ ಡ್ರೈವರ್‌ಗಳಲ್ಲಿ ನೋಡಿದೀನಿ. ಒಂದು, ಯಾವಾಗ್ಲೂ ಐಆರ್‌ಕ್ಯೂ ಹ್ಯಾಂಡಲ್ಡ್ ಅಂತಾನೇ ಕೊಟ್ಬಿಡೋಣ ಅಂತ. ಕೊಟ್ರೆ ಮೆಸೇಜ್ ಬರಲ್ಲ ನಿಜ, ಆದ್ರೆ ಕಾರ್ಡನ್ನ ಮುಟ್ಟದೇ ಹ್ಯಾಂಡಲ್ಡ್ ಅಂದ್ರೆ ಲೈನ್ ಒತ್ತಿಕೊಂಡೇ ಇರುತ್ತೆ, ಕರ್ನಲ್‌ಗೆ ಎಲ್ಲಾ ಚೆನ್ನಾಗಿದೆ ಅಂತ ಕಾಣುತ್ತೆ, ವೈರ್ ಕೀಳೋರೂ ಇಲ್ಲ, ಗನ್ ಸ್ಲೋ ಆಗೋ ಬದಲು ಪಿಸೀನೇ ನಿಂತುಹೋಗುತ್ತೆ, ಲಾಗ್‌ನಲ್ಲೂ ಸುಳಿವು ಸಿಗೋದು ಕಷ್ಟ. ಇನ್ನೊಂದು, ರಿಲೀಸ್‌ನಲ್ಲಿ ಡಿಸೇಬಲ್ ಐಆರ್‌ಕ್ಯೂ ಕರೆಯೋಣ ಅಂತ. ಅದು ಕಾರ್ಡನ್ನ ಆಫ್ ಮಾಡಲ್ಲ, ಇಡೀ ಲೈನನ್ನ ಆಫ್ ಮಾಡುತ್ತೆ, ನಾವು ಬಫರ್ ಫ್ರೀ ಮಾಡೋವರೆಗೂ ಪಕ್ಕದ ಮನೆಯವ್ರೂ ಕಾಯ್ಬೇಕು. ಹಂಚ್ಕೊಂಡಿರೋ ಲೈನಲ್ಲಿ ನಮ್ಮ ಡಿವೈಸ್‌ನ ಬಾಯಿ ಮುಚ್ಚಿಸೋ ಹಕ್ಕು ಮಾತ್ರ ನಮಗಿರೋದು.

ಮೂರನೇ ಸಲಹೆ ಒಳ್ಳೇದಿತ್ತು, ಹ್ಯಾಂಡ್ಲರ್‌ನಲ್ಲಿ ಡೇಟಾ ಗೋರೋ ಕೆಲಸ ಜಾಸ್ತಿ ಆಯ್ತು, ಥ್ರೆಡೆಡ್ ಐಆರ್‌ಕ್ಯೂಗೆ (ಉದ್ದದ ಕೆಲಸನ ಆಮೇಲೆ ಬೇರೆ ಥ್ರೆಡ್‌ನಲ್ಲಿ ಮಾಡೋದು) ಹಾಕೋಣ ಅಂತ. ಒಬ್ಬ ಹುಡುಗ ಒನ್‌ಶಾಟ್ ಫ್ಲ್ಯಾಗ್ ಹಾಕಿ ಟ್ರೈ ಮಾಡ್ದ, ರಿಕ್ವೆಸ್ಟೇ ಫೇಲ್, ಫ್ಲ್ಯಾಗ್ಸ್ ಮಿಸ್‌ಮ್ಯಾಚ್ ಅಂತ ಲಾಗ್, ಬಿಝಿ ಎರರ್. ಒನ್‌ಶಾಟ್ ಅಂದ್ರೆ ಥ್ರೆಡ್ ಮುಗಿಯೋವರೆಗೂ ಲೈನನ್ನ ಮಾಸ್ಕ್ ಮಾಡಿಡು ಅಂತ, ಲೈನ್ ಹಂಚ್ಕೊಂಡಿರೋರೆಲ್ಲಾ ಅದಕ್ಕೆ ಒಪ್ಪಿರ್ಬೇಕು, ಯುಎಸ್‌ಬಿ ಒಪ್ಪಿಲ್ಲ. ಬೇಕಿದ್ರೆ ದಾರಿ ಇದೆ, ಮೇಲಿನ ಹ್ಯಾಂಡ್ಲರ್ ಕಾರ್ಡಿನ ಒಳಗೇ ಇಂಟರಪ್ಟ್ ಮುಚ್ಚಿ ಥ್ರೆಡ್ಡನ್ನ ಎಬ್ಬಿಸೋದು, ಥ್ರೆಡ್ ಕೆಲಸ ಮುಗಿಸಿ ಮತ್ತೆ ತೆರೆಯೋದು. ಅದನ್ನ ಮುಂದಿನ ವರ್ಶನ್‌ಗೆ ಬಿಟ್ವಿ, ಒಂದು ಫಿಕ್ಸ್‌ನಲ್ಲಿ ಎರಡು ವಿಷಯ ಬೆರೆಸೋದು ನನಗೆ ಇಷ್ಟ ಇಲ್ಲ.

ಕೊನೆಗೆ ಮಾಡಿದ್ದು ಇದು. ಹ್ಯಾಂಡ್ಲರ್ ಬಂದ ತಕ್ಷಣ ಕಾರ್ಡಿನ ಸ್ಟೇಟಸ್ ರಿಜಿಸ್ಟರ್ ಓದುತ್ತೆ, ನಮ್ಮ ಫ್ಲ್ಯಾಗ್ ಗಿಗ್ ಏನೂ ನೋಡಲ್ಲ. ಎಲ್ಲಾ ಬಿಟ್ಟೂ ಒಂದೇ ಬಂದ್ರೆ ಕಾರ್ಡೇ ಉತ್ತರ ಕೊಡ್ತಿಲ್ಲ ಅಂತ ಅರ್ಥ, ಐಆರ್‌ಕ್ಯೂ ನನ್. ಸ್ಟೇಟಸ್‌ನ ಎನೇಬಲ್ ಬಿಟ್‌ಗಳ ಜೊತೆ ಆಂಡ್ ಮಾಡಿ (ಎರಡರಲ್ಲೂ ಒಂದಿರೋ ಬಿಟ್ ಮಾತ್ರ ಉಳಿಸಿ) ಸೊನ್ನೆ ಬಂದ್ರೆ ಐಆರ್‌ಕ್ಯೂ ನನ್. ಈ ಆಂಡ್ ಬೇಕೇ ಬೇಕು, ನಮ್ಮ ಕಾರ್ಡಲ್ಲಿ ಇಂಟರಪ್ಟ್ ಆಫ್ ಇದ್ರೂ ಸ್ಟೇಟಸ್ ಬಿಟ್ ಏಳುತ್ತೆ, ಲೈನನ್ನ ಮಾತ್ರ ಒತ್ತಲ್ಲ, ಆಂಡ್ ಮಾಡದಿದ್ರೆ ಯುಎಸ್‌ಬಿಗೆ ಬಂದ ನೆಂಟರನ್ನ ನಮ್ಮ ನೆಂಟರು ಅಂತ ಒಪ್ಕೊಂಡುಬಿಡ್ತೀವಿ. ಸೊನ್ನೆ ಅಲ್ಲ ಅಂದ್ರೆ ಮೊದಲು ಕಾರ್ಡಿನ ಬಿಟ್ ಕ್ಲಿಯರ್ ಮಾಡು, ಆಮೇಲೆ ಬಫರ್ ಇದ್ರೆ ಡೇಟಾ ತಗೋ, ಇಲ್ಲದಿದ್ರೆ ಬಿಡು, ಎರಡರಲ್ಲೂ ಐಆರ್‌ಕ್ಯೂ ಹ್ಯಾಂಡಲ್ಡ್. ಬೆಲ್ ಒತ್ತಿದ್ದು ನಮ್ಮ ಕಾರ್ಡಾ ಅನ್ನೋ ಪ್ರಶ್ನೆಗೆ ಉತ್ತರ ಗೊತ್ತಿರೋದು ಕಾರ್ಡಿಗೆ, ನಮ್ಮ ವೇರಿಯೇಬಲ್‌ಗೆ ಅಲ್ಲ. ಅಪ್ಲಿಕೇಶನ್ ಓಪನ್ ಇದೆಯಾ ಅನ್ನೋದು ಬೇರೆ ಪ್ರಶ್ನೆ, ಆ ಎರಡನ್ನೂ ನಾವು ಒಂದೇ ಅಂದ್ಕೊಂಡಿದ್ದೇ ಈ ಪ್ರಕರಣದ ಬೇರು.

ರಿಲೀಸ್ ಫಂಕ್ಷನ್ ಪೂರ್ತಿ ತಿರುವು ಮುರುವು ಆಯ್ತು. ಮೊದಲು ಕಾರ್ಡಿನ ಎನೇಬಲ್ ರಿಜಿಸ್ಟರ್‌ಗೆ ಸೊನ್ನೆ, ಅದನ್ನ ತಕ್ಷಣ ಒಂದ್ಸಲ ವಾಪಸ್ ಓದೋದು, ಆಮೇಲೆ ಸಿಂಕ್ರೊನೈಝ್ ಐಆರ್‌ಕ್ಯೂ, ಅಂದ್ರೆ ಬೇರೆ ಸಿಪಿಯುನಲ್ಲಿ ನಮ್ಮ ಹ್ಯಾಂಡ್ಲರ್ ಈಗಾಗ್ಲೇ ಓಡ್ತಿದ್ರೆ ಅದು ಮುಗಿಯೋವರೆಗೂ ಕಾಯೋದು, ಎಲ್ಲಾ ಆದ್ಮೇಲೆ ಬಫರ್ ಫ್ರೀ. ಎರಡು ವರ್ಷದ ಹಿಂದಿನ ಪ್ಯಾನಿಕ್‌ಗೆ ಸರಿಯಾದ ಫಿಕ್ಸೂ ಇದೇ ಆಗಿತ್ತು. ಹ್ಯಾಂಡ್ಲರ್ ತಗೊಳೋ ಸ್ಪಿನ್‌ಲಾಕ್ (ಒಂದ್ಸಲಕ್ಕೆ ಒಬ್ರೇ ಡೇಟಾ ಮುಟ್ಟೋ ಹಾಗೆ ಹಾಕೋ ಬೀಗ) ನಮ್ಮ ಕೈಲಿ ಇಟ್ಕೊಂಡು ಸಿಂಕ್ರೊನೈಝ್ ಐಆರ್‌ಕ್ಯೂ ಕರೆಯಬಾರದು, ಅದು ನಮಗೆ ಕಾಯುತ್ತೆ, ನಾವು ಅದಕ್ಕೆ ಕಾಯ್ತೀವಿ, ಅಲ್ಲಿಗೆ ಮುಗೀತು.

ಇಷ್ಟು ಮಾಡಿ ಲೂಪ್ ಓಡಿಸಿದ್ರೆ ನೋಬಡಿ ಕೇರ್ಡ್ ಹೋಯ್ತು. ಆದ್ರೂ ನನಗೆ ಒಂದು ಸಮಾಧಾನ ಇರ್ಲಿಲ್ಲ. ಗನ್ ಮುಟ್ಟದೇ ಸುಮ್ಮನೆ ಬಿಟ್ಟಾಗಲೂ ಪ್ರಾಕ್ ಇಂಟರಪ್ಟ್ಸ್‌ನಲ್ಲಿ 18ನೇ ಲೈನ್ ಸೆಕೆಂಡಿಗೆ 400ರ ಹತ್ರ ಏರ್ತಿತ್ತು. ಕಾರ್ಡ್ ಕೊಡೋದು 200, ಇನ್ನು 200 ಎಲ್ಲಿಂದ? ಪ್ರಾಕ್ ಐಆರ್‌ಕ್ಯೂ ಡೈರೆಕ್ಟರಿಲಿ 18ರ ಒಳಗೆ ಸ್ಪ್ಯೂರಿಯಸ್ ಅಂತ ಒಂದು ಪುಟ್ಟ ಫೈಲ್ ಇದೆ, ತುಂಬಾ ಜನ ಅದನ್ನ ನೋಡಿರಲ್ಲ, ಲಕ್ಷದ ಲೆಕ್ಕದಲ್ಲಿ ಈಗ ಎಷ್ಟಕ್ಕೆ ಬಂದಿದೆ, ಅದ್ರಲ್ಲಿ ಯಾರೂ ಒಪ್ಪದೇ ಇದ್ದದ್ದು ಎಷ್ಟು ಅಂತ ತೋರಿಸುತ್ತೆ. ನೋಡಿದ್ರೆ ಸರಿಯಾಗಿ ಅರ್ಧ ಅನ್‌ಹ್ಯಾಂಡಲ್ಡ್. ಪ್ರತಿ ನಿಜವಾದ ಇಂಟರಪ್ಟ್ ಹಿಂದೆ ಒಂದು ಸುಳ್ಳು ಇಂಟರಪ್ಟ್ ಬಾಲದ ಥರ ಬರ್ತಿದೆ.

ಇದು ಪಿಸಿಐನ ಪೋಸ್ಟೆಡ್ ರೈಟ್. ಸಿಪಿಯು ಕಾರ್ಡಿಗೆ ಬರೆದಿದ್ದು ತಕ್ಷಣ ಕಾರ್ಡಿಗೆ ಮುಟ್ಟಲ್ಲ, ಪೋಸ್ಟ್ ಡಬ್ಬಿಗೆ ಕಾಗದ ಹಾಕಿದ ಹಾಗೆ, ಹಾಕಿದೋರು ಮನೆಗೆ ಹೋಗ್ಬಹುದು, ಕಾಗದ ಇನ್ನೂ ಸಿಪಿಯುಗೂ ಕಾರ್ಡಿಗೂ ಮಧ್ಯ ಇರೋ ಬ್ರಿಡ್ಜ್ ಚಿಪ್‌ನಲ್ಲೇ ಇರುತ್ತೆ. ಹ್ಯಾಂಡ್ಲರ್‌ನಲ್ಲಿ ಬಿಟ್ ಕ್ಲಿಯರ್ ಮಾಡೋ ಆ ಬರಹ ಡೇಟಾ ಗೋರೋ ರೀಡ್‌ಗಳ ಮುಂಚೆ ಇರೋದ್ರಿಂದ ಆ ರೀಡ್‌ಗಳೇ ಅದನ್ನ ತಳ್ಳಿಕೊಂಡು ಹೋಗ್ತವೆ, ಯಾಕಂದ್ರೆ ರೀಡ್‌ಗೆ ಉತ್ತರ ಬರಬೇಕು ಅಂದ್ರೆ ಮುಂದಿರೋ ರೈಟ್ ಮೊದಲು ತಲುಪಲೇಬೇಕು. ಆದ್ರೆ ನಮ್ಮಲ್ಲಿ ಕ್ಲಿಯರ್ ಆದ್ಮೇಲೂ ಕೊನೇಲಿ ಇನ್ನೊಂದು ರೈಟ್ ಇತ್ತು, ಎಷ್ಟು ಡೇಟಾ ತಗೊಂಡ್ವಿ ಅಂತ ಕಾರ್ಡಿಗೆ ಹೇಳೋದು, ಕಾರ್ಡು ಅದು ಮುಟ್ಟಿದ ಮೇಲೇನೇ ಲೈನ್ ಬಿಡೋದು. ಅದನ್ನ ಬರೆದು ಹ್ಯಾಂಡಲ್ಡ್ ಅಂತ ವಾಪಸ್ ಬರ್ತಿದ್ವಿ, ಲೈನ್ ಇನ್ನೂ ಬಿಟ್ಟಿರಲ್ಲ, ಮತ್ತೆ ಇಂಟರಪ್ಟ್, ಈ ಸಲ ಸ್ಟೇಟಸ್ ಓದೋಕೆ ಹೋದಾಗ ಹಳೇ ರೈಟ್ ತಲುಪಿ ಎಲ್ಲಾ ಸೊನ್ನೆ, ಐಆರ್‌ಕ್ಯೂ ನನ್. ಕೊನೆಯ ರೈಟ್ ಆದ್ಮೇಲೆ ಒಂದ್ಸಲ ಅದೇ ಕಾರ್ಡಿಂದ ರಿಜಿಸ್ಟರ್ ಓದೋ ಸಾಲು ಸೇರಿಸಿದ್ವಿ. 400 ಇದ್ದದ್ದು 200 ಆಯ್ತು. ಮೆಮೊರಿ ಬ್ಯಾರಿಯರ್ ಹಾಕಿದ್ರೆ ಆಗಲ್ವಾ ಅಂತ ಕೇಳಿದ್ರು, ಆಗಲ್ಲ, ಬ್ಯಾರಿಯರ್ ರೈಟ್‌ಗಳ ಕ್ರಮ ಕಾಪಾಡುತ್ತೆ ಅಷ್ಟೇ, ಕಾರ್ಡಿಗೆ ತಲುಪಿತು ಅನ್ನೋ ಗ್ಯಾರಂಟಿ ಕೊಡಲ್ಲ.

ಎಂಎಸ್‌ಐ (ತಂತಿ ಬದಲು ಒಂದು ಸಂದೇಶ ಬರೆದು ಇಂಟರಪ್ಟ್ ಕೊಡೋ ವಿಧಾನ) ಇದ್ದಿದ್ರೆ ಲೈನ್ ಹಂಚ್ಕೊಳೋ ಗೋಳೇ ಇರ್ತಿರ್ಲಿಲ್ಲ ಅನ್ನೋದು ನಿಜ, ಪಿಸಿಐ 2.2ರಿಂದಲೇ ಅದು ಇದೆ, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್‌ಗಳಲ್ಲಿ ಮಾಮೂಲಿ. ನಮ್ಮ ಈ ಕಾರ್ಡಲ್ಲಿ ಇಲ್ಲ, ಫೀಲ್ಡ್‌ನಲ್ಲಿರೋದನ್ನ ಬದಲಾಯಿಸೋಕೂ ಆಗಲ್ಲ. ಆದ್ರೆ ಎಂಎಸ್‌ಐ ಇದ್ರೂ ಬಫರ್ ಫ್ರೀ ಮಾಡೋ ಮುಂಚೆ ಕಾರ್ಡ್ ಮುಚ್ಚಿ ಹ್ಯಾಂಡ್ಲರ್‌ಗೆ ಕಾಯೋ ಕ್ರಮ ಬೇಕೇ ಬೇಕು, ಅದನ್ನ ತಪ್ಪಿಸೋಕಾಗಲ್ಲ.

ಡೀಬಗ್ ಶೇರ್ಡ್ ಐಆರ್‌ಕ್ಯೂ ಅನ್ನೋ ಕರ್ನಲ್ ಕಾನ್ಫಿಗ್ ಈಗ ನಮ್ಮ ಟೆಸ್ಟ್ ಕರ್ನಲ್‌ನಲ್ಲಿ ಯಾವಾಗ್ಲೂ ಆನ್ ಇರುತ್ತೆ, ಅದು ಹಂಚ್ಕೊಂಡಿರೋ ಲೈನ್‌ನ ಹ್ಯಾಂಡ್ಲರನ್ನ ತೆಗೆಯುವಾಗ ಬೇಕಂತಲೇ ಒಂದ್ಸಲ ಜಾಸ್ತಿ ಕರೆದು ಬೀಳುತ್ತಾ ನೋಡುತ್ತೆ. ಓಪನ್ ಕ್ಲೋಸ್ ಲೂಪು ಸಿಪಿಯು 0ಗೆ ಕಟ್ಟಿ ರಾತ್ರಿ ಓಡಿಸೋದೂ ಪ್ರತಿ ರಿಲೀಸ್‌ಗೆ ಮುಂಚೆ ಕಡ್ಡಾಯ. ಬೆಳಗ್ಗೆ ಬಂದು ಸ್ಪ್ಯೂರಿಯಸ್ ಫೈಲ್ ನೋಡಿದಾಗ ಅನ್‌ಹ್ಯಾಂಡಲ್ಡ್ 0 ಇರುತ್ತೆ, ಒಂದೊಂದ್ಸಲ 1. ಆ ಒಂದು ತಪ್ಪಲ್ಲ, ಕಾರ್ಡ್ ಬೆಲ್ ಒತ್ತಿದ ಕ್ಷಣಕ್ಕೇ ನಾವು ಎನೇಬಲ್ ಆಫ್ ಮಾಡಿದ್ರೆ ಹಾಗೆ ಒಂದು ತಪ್ಪಿಸ್ಕೊಂಡು ಬರುತ್ತೆ, ಅಂಥದ್ದನ್ನ ಸಹಿಸೋಕೇ ಕರ್ನಲ್ ಲಕ್ಷದವರೆಗೂ ಕಾಯೋದು.

ಹೊಸ ಡ್ರೈವರ್ ಆರೂ ಬೆಂಚಿಗೆ ಹಾಕಿದ ದಿನ ಮಧ್ಯಾಹ್ನದ ಶಿಫ್ಟ್‌ಗೆ ಅಲ್ಲೇ ನಿಂತಿದ್ದೆ. ಎರಡು ಗಂಟೆಗೆ ಸೈರನ್ ಆಯ್ತು, ಅಪ್ಲಿಕೇಶನ್ ಮುಚ್ಚಿ ತೆರೆದ್ಕೊಳ್ತು, ಆ ಅಕ್ಕ ಬಂದು ಗನ್ ಎತ್ಕೊಂಡು ಮೊದಲನೇ ಮೋಟರ್‌ಗೆ ಹಿಡಿದ್ರು, ಬೀಪ್ ಆಗೋದಕ್ಕೂ ಹನ್ನೆರಡು ಅಂಕೆ ಕಾಣೋದಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಅವ್ರು ಹೇಳಿದ ಆ ಒಂದು ಮಾತಿಂದಾನೇ ಇದು ಸಿಕ್ಕಿದ್ದು ಅಂತ ಅವರಿಗೆ ಹೇಳಿದೆ. "ಅಷ್ಟೇನಾ ಸಾರ್, ಮುಂಚೆನೇ ಕೇಳಿದ್ರೆ ಹೇಳ್ತಿದ್ವಲ್ಲ" ಅಂದ್ರು. ಬಗ್ ರಿಪೋರ್ಟ್ ಫಾರ್ಮಲ್ಲಿ ಈಗ ಎರಡು ಹೊಸ ಕಾಲಂ ಸೇರಿಸಿದೀವಿ, ಒಂದು ಯಾವ ಹೊತ್ತಲ್ಲಿ ಆಯ್ತು, ಇನ್ನೊಂದು ಪೂರ್ತಿ ಲಾಗ್ ಫೈಲ್, ಫೋಟೋ ತಗೊಳಲ್ಲ.